ತಲೆ ಅಗಲಿಸುವ ಸಾಧನ: ಬಳಕೆದಾರರ ಕೈಪಿಡಿ



ಪುಸ್ತಕ ಅಥವಾ ಕೋರ್ಸು ಎಂಬ ಹೆಸರಿನಲ್ಲಿ ಮಾರಾಟವಾಗುವ ಈ ಸಾಧನವನ್ನು ಆರಿಸಿಕೊಂಡದ್ದಕ್ಕೆ ಅಭಿನಂದನೆಗಳು. ಬಳಸುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿ, ಮುಂದೆ ಬೇಕಾದಾಗ ಸಿಗುವಂತೆ ಜೋಪಾನವಾಗಿಡಿ. ಮಿಕ್ಸಿಯ ಜೊತೆ ಬಂದ ಕೈಪಿಡಿಯನ್ನು ನೀವು ಓದಲಿಲ್ಲವೆಂದು ನಮಗೆ ಗೊತ್ತು. ಅದು ಅಡುಗೆಮನೆಯ ಡ್ರಾಯರಿನಲ್ಲಿ ಗ್ಯಾಸ್ ಪುಸ್ತಕದ ಅಡಿಯಲ್ಲಿದೆ. ವಾರಂಟಿ ಕಾರ್ಡಿಗೆ ಅಂಗಡಿಯವನ ಸೀಲೂ ಬಿದ್ದಿಲ್ಲ. ಮಿಕ್ಸಿಯಾದರೆ ಹೆಚ್ಚೆಂದರೆ ಚಟ್ನಿ ಹಾರಿ ಗೋಡೆಗೆ ಬಡಿದೀತು. ಈ ಸಾಧನವನ್ನು ತಪ್ಪಾಗಿ ಬಳಸಿದರೆ ಮನೆಯವರು ಮಾತು ಬಿಡುವ ಸಂಭವವುಂಟು. ಸರಿಯಾಗಿ ಬಳಸಿದರೂ ಬಿಡಬಹುದು.

ಕೈಪಿಡಿ ಬರೆದಿರುವವಳಿಗೆ ಈ ವಿಷಯದಲ್ಲಿ ಪದವಿಯೇನೂ ಇಲ್ಲ. ಬ್ಯಾಂಕಿನ ಕೌಂಟರಿನ ಹಿಂದೆ ನೌಕರಿ ಮುಗಿಸಿ, ನಡುನಡುವೆ ಸಿಕ್ಕಿದ್ದನ್ನು ಓದಿ, ಕರೆದಲ್ಲಿಗೆ ಶಿಬಿರಕ್ಕೆ ಹೋಗಿ, ಈಚೆಗೆ ಮೊಮ್ಮಗಳ ಫೋನಿನಲ್ಲಿ ಪರದೇಶದ ಪಾಠಗಳನ್ನು ಕೇಳಿ ಗಳಿಸಿದ ಅನುಭವವಷ್ಟೇ ಇದರ ಬಂಡವಾಳ.

ಪೆಟ್ಟಿಗೆಯಲ್ಲಿ ಏನೇನಿದೆ

ತಲೆ, ಒಂದು. ನಿಮ್ಮದೇ. ಬದಲಾಯಿಸಿ ಕೊಡಲಾಗುವುದಿಲ್ಲ.

ಅಭಿಪ್ರಾಯಗಳು, ಒಂದು ಕಂತೆ. ಇವು ತಯಾರಿಕೆಯ ಹಂತದಲ್ಲೇ ಕೂಡಿಸಿದವು. ಯಾವ ಜಿಲ್ಲೆಯವರು ಜಿಪುಣರು, ಯಾವ ಜಾತಿಯವರಿಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಯಾರ ಮನೆಯಲ್ಲಿ ನೀರು ಕುಡಿಯಬಹುದು, ಸೊಸೆಯಾದವಳು ಎಷ್ಟು ಹೊತ್ತಿಗೆ ಏಳಬೇಕು, ಹಳೆಯ ಕಾಲ ಹೇಗೆ ಚಿನ್ನದಂತಿತ್ತು ಇತ್ಯಾದಿ. ಇವಕ್ಕೆ ಪ್ರತ್ಯೇಕ ಬಿಲ್ಲು ಬಂದಿರುವುದಿಲ್ಲ, ಆದ್ದರಿಂದ ತಾವೇ ದುಡಿದು ಕೊಂಡ ಸ್ವಂತ ಆಸ್ತಿಯೆಂದು ಬಹಳ ಗ್ರಾಹಕರು ತಿಳಿದಿರುತ್ತಾರೆ.

ಪುಸ್ತಕ ಅಥವಾ ಕೋರ್ಸು ಪೆಟ್ಟಿಗೆಯಲ್ಲಿ ಇರುವುದಿಲ್ಲ. ಅದನ್ನು ಬೇರೆಯಾಗಿ ಹುಡುಕಿಕೊಳ್ಳಬೇಕು.

ಚಾಲನೆಗೆ ಮೊದಲು

ಸಾಧನ ನಿಮಗೆ ಅಗತ್ಯವೇ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೊನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ ಎಂಬ ಮನಶ್ಶಾಸ್ತ್ರಜ್ಞರು 2002ರಲ್ಲಿ ಇದನ್ನು ಪ್ರಕಟಿಸಿದರು. ಪ್ಯಾಂಟಿನ ಜಿಪ್ಪು, ಕಕ್ಕಸಿನ ಫ್ಲಶ್ಶು ಇಂಥ ನಿತ್ಯದ ವಸ್ತುಗಳು ಹೇಗೆ ಕೆಲಸ ಮಾಡುತ್ತವೆ ಎಂಬುದು ನಿಮಗೆ ಎಷ್ಟು ಗೊತ್ತು, ನಿಮಗೆ ನೀವೇ ಅಂಕ ಕೊಟ್ಟುಕೊಳ್ಳಿ ಎಂದರು. ಜನ ಧಾರಾಳವಾಗಿ ಕೊಟ್ಟುಕೊಂಡರು. ಸರಿ, ಈಗ ಹಂತ ಹಂತವಾಗಿ ವಿವರಿಸಿ ಬರೆಯಿರಿ ಎಂದರು. ಬರೆಯಲು ಕೂತ ಮೇಲೆ ಮತ್ತೆ ಅಂಕ ಕೇಳಿದಾಗ ಅದು ಇಳಿದಿತ್ತು.

ನಮ್ಮ ಮನೆಯಲ್ಲಿ ಈ ಪರೀಕ್ಷೆಯನ್ನು ಕುಕ್ಕರಿನ ಮೇಲೆ ನಡೆಸಲಾಯಿತು. ಕುಕ್ಕರು ಹೇಗೆ ಕೆಲಸ ಮಾಡುತ್ತದೆ ಗೊತ್ತೇ ಎಂದರೆ ಮನೆಮಂದಿಯೆಲ್ಲ ಗೊತ್ತು ಎಂದರು. ಅದೇನು ಪ್ರಶ್ನೆ ಎಂಬಂತೆ ನೋಡಿದರು. ಹಾಗಾದರೆ ಹೇಳಿ ಎಂದೆ. "ಆವಿ ಬರುತ್ತೆ, ಕೂಗುತ್ತೆ." ಆವಿ ಮಾಮೂಲಿ ಪಾತ್ರೆಯಲ್ಲೂ ಬರುತ್ತದಲ್ಲ, ಇದರಲ್ಲಿ ಮಾತ್ರ ಬೇಳೆ ಯಾಕೆ ಬೇಗ ಬೇಯಬೇಕು? "ಮುಚ್ಚಿರುತ್ತೆ." ಮುಚ್ಚಿದರೆ? ಅಲ್ಲಿಗೆ ನಿಂತಿತು. ಒಳಗಿನ ಒತ್ತಡ ಏರಿದಂತೆ ನೀರು ನೂರು ಡಿಗ್ರಿಗೆ ಕುದಿಯದೆ ನೂರಿಪ್ಪತ್ತರ ಹತ್ತಿರದ ತನಕ ಬಿಸಿಯಾಗುತ್ತಾ ಹೋಗುತ್ತದೆ, ಬೇಳೆ ಮೆತ್ತಗಾಗುವುದು ಆ ಹೆಚ್ಚಿನ ಬಿಸಿಗೆ, ಮೇಲಿಟ್ಟ ವೆಯಿಟನ್ನು ಎತ್ತಿಕೊಂಡು ಆವಿ ಹೊರಬರುವುದೇ ಕೂಗು ಎಂದು ಕೊನೆಗೆ ಹೇಳಿದವಳು ಮೊಮ್ಮಗಳು. ಅವಳಿಗೆ ಮಾರನೆಯ ದಿನ ವಿಜ್ಞಾನದ ಪರೀಕ್ಷೆಯಿತ್ತು. ಐವತ್ತು ವರ್ಷ ಕುಕ್ಕರು ಕೂಗಿಸಿದವರಿಗೆ ಹೇಳಲಾಗದ್ದನ್ನು ನೋಡಿ ಅವಳಿಗೆ ಬಹಳ ಸಂತೋಷವಾಯಿತು.

ಕುಕ್ಕರಿನಲ್ಲಿ ಪಾಸಾದವರು ಅಷ್ಟಕ್ಕೇ ಹಿಗ್ಗದೆ ಇದೇ ಪರೀಕ್ಷೆಯನ್ನು ಮೀಸಲಾತಿ, ಜಿಎಸ್‌ಟಿ, ಕಾವೇರಿ ನೀರಿನ ಹಂಚಿಕೆ ಇವುಗಳ ಮೇಲೆ ಮಾಡಿ ನೋಡಬಹುದು. ಹಂತ ಹಂತವಾಗಿ, ಬರೆದು, ಯಾರನ್ನೂ ಬೈಯದೆ. ಬೈಗುಳ ತೆಗೆದ ಮೇಲೆ ಹಾಳೆಯಲ್ಲಿ ಎಷ್ಟು ಸಾಲು ಉಳಿಯುತ್ತದೆಯೋ ಅಷ್ಟು ನಿಮಗೆ ಗೊತ್ತು.

ಎಲ್ಲಿ ಸಿಗುತ್ತದೆ

ನಿಮ್ಮ ಮನೆ ಕಂದಾಯದ ರಸೀದಿಯನ್ನು ಹೊರತೆಗೆಯಿರಿ. ಅದರಲ್ಲಿ ಗ್ರಂಥಾಲಯ ಕರ ಎಂಬ ಒಂದು ಸಾಲಿರುತ್ತದೆ. ಕಂದಾಯದ ಮೇಲೆ ನೂರಕ್ಕೆ ಆರು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯಿಂದ ಬಂದದ್ದು. ಅಂದರೆ ಸಾಧನದ ಹಣ ನಿಮ್ಮಿಂದ ಆಗಲೇ ವಸೂಲಾಗಿದೆ, ಹೋಗಿ ತೆಗೆದುಕೊಳ್ಳುವುದೊಂದೇ ಬಾಕಿ. ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕೊಟ್ಟ ಎಸ್.ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದವರು. 1931ರ ಆ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕ ಇರುವುದು ಬಳಕೆಗೆ ಎಂದು. ಇದೇನು ಸೂತ್ರ ಮಾಡುವಂಥ ಮಾತೇ ಎನಿಸಿದರೆ, ಬೀಗ ಹಾಕಿದ ಗಾಜಿನ ಬೀರುವಿನೊಳಗೆ ಪುಸ್ತಕವಿಟ್ಟು ಕೀಲಿಕೈ ರಜೆಯಲ್ಲಿರುವ ಗುಮಾಸ್ತರ ಬಳಿಯಿದೆ ಎನ್ನುವ ಯಾವುದಾದರೂ ಸಂಸ್ಥೆಗೆ ಒಮ್ಮೆ ಹೋಗಿಬನ್ನಿ.

ಬೆಂಗಳೂರಿನವರಿಗೆ ಅವೆನ್ಯೂ ರಸ್ತೆಯ ಹಳೇ ಪುಸ್ತಕದ ಸಾಲು ಇದ್ದೇ ಇದೆ. ಅಲ್ಲಿ ಬೇಕೆಂದು ಹೋದ ಪುಸ್ತಕ ಸಿಗುವುದಿಲ್ಲ. ಈ ಸಾಧನಕ್ಕೆ ಅದು ಒಳ್ಳೆಯದೇ.

ಮೊದಲ ಬಳಕೆ: ಊಟದ ಎಲೆ

ಹೊಸ ಗ್ರಾಹಕರು ನೇರವಾಗಿ ಮನುಕುಲದ ಇತಿಹಾಸ, ಜಗತ್ತಿನ ಭವಿಷ್ಯ ಇಂಥ ದಪ್ಪ ಮಾದರಿಗಳಿಗೆ ಕೈ ಹಾಕುತ್ತಾರೆ. ಅವಸರ ಬೇಡ. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ದಿಂದ ಆರಂಭಿಸಿ. ಸ್ವಾಮಿ ಡಿ.ವಿ.ಜಿ.ಯವರ ಮಗ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿದವರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗಿಸುತ್ತಾರೆ, ಅದರ ನಡುವೆ ಯಾವಾಗ ಪಾಠ ಮಾಡಿದರೋ ಗೊತ್ತಾಗುವುದಿಲ್ಲ.

ಬಳಸುವ ಕ್ರಮ: ಪುಸ್ತಕ ಓದಿ, ನಿಮ್ಮ ಮುಂದಿನ ಎಲೆಯಿಂದ ಕೊಲಂಬಸ್ಸಿನ ನಂತರ ಬಂದದ್ದನ್ನು ಒಂದೊಂದಾಗಿ ಮನಸ್ಸಿನಲ್ಲೇ ಎತ್ತಿ ಪಕ್ಕಕ್ಕಿಡಿ. ಆಲೂಗಡ್ಡೆ ಪೆರುವಿನ ಕಡೆಯ ಆಂಡೀಸ್ ಬೆಟ್ಟಗಳದ್ದು, ತೆಗೆಯಿರಿ. ಟೊಮ್ಯಾಟೊ, ತೆಗೆಯಿರಿ, ಸಾರಿನ ಬಣ್ಣ ಹೋಯಿತು. ಹಸಿಮೆಣಸಿನಕಾಯಿ, ಒಣಮೆಣಸಿನಕಾಯಿ, ಬ್ಯಾಡಗಿ, ಗುಂಟೂರು ಎಲ್ಲ ತೆಗೆಯಿರಿ. ಪೋರ್ಚುಗೀಸರ ಹಡಗುಗಳ ಕಾಲಕ್ಕೆ ಮೊದಲು ಇವುಗಳ ಸುಳಿವಿಲ್ಲ. ಗೋಡಂಬಿ, ಕಡಲೆಕಾಯಿ, ಸೀಬೆ, ಪರಂಗಿ, ಅನಾನಸು, ಸಪೋಟ, ಮುಸುಕಿನ ಜೋಳ, ಇವೆಲ್ಲ ಹೊರಗೆ. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ರಾಶಿ ರಾಶಿಯಾಗಿ ಬಸವಣ್ಣನೆದುರು ಸುರಿಯುವುದೂ ದಕ್ಷಿಣ ಅಮೆರಿಕದ ಬೀಜವನ್ನೇ. ಮಸಾಲೆ ದೋಸೆಯ ಒಳಗಿನ ಪಲ್ಯ ಹೋಯಿತು, ಒಳಮೈಗೆ ಬಳಿಯುವ ಕೆಂಪು ಚಟ್ನಿ ಹೋಯಿತು, ಉಳಿದದ್ದು ಬರೀ ದೋಸೆ. ಪಕ್ಕದ ಕಾಫಿಯಂತೂ ಯೆಮೆನಿನಿಂದ ಬಾಬಾ ಬುಡನ್ ತಂದರೆಂದು ಚಿಕ್ಕಮಗಳೂರಿನವರೇ ಹೇಳುತ್ತಾರೆ.

ಈಗ ಎಲೆಯ ಎದುರು ಕೂತು ಪಂಪನನ್ನು ಯೋಚಿಸಿ. ಕಲ್ಯಾಣದ ಮಹಾಮನೆಯ ದಾಸೋಹದಲ್ಲಿ ಕೂತ ಶರಣರನ್ನು ಯೋಚಿಸಿ. ಅವರಲ್ಲಿ ಒಬ್ಬರೂ ಮೆಣಸಿನಕಾಯಿ ಬಜ್ಜಿ ತಿಂದವರಲ್ಲ. 16ನೇ ಶತಮಾನದ ಆರಂಭದಲ್ಲಿ ಮಂಗರಸ ‘ಸೂಪಶಾಸ್ತ್ರ’ ಎಂದು ಅಡುಗೆಯ ಬಗ್ಗೆಯೇ ಕನ್ನಡದಲ್ಲಿ ಪದ್ಯಕಾವ್ಯ ಬರೆದ. ಅಲ್ಲಿ ಬದನೆಕಾಯಿಗೆ ಸಿಗುವ ರಾಜೋಪಚಾರ ನೋಡಬೇಕು, ಖಾರಕ್ಕೆ ಮಾತ್ರ ಕಾಳುಮೆಣಸೇ ಗತಿ. ನಮ್ಮದು ಎಂದು ಎದೆ ತಟ್ಟಿಕೊಳ್ಳುವ ಅಡುಗೆಯ ಅರ್ಧಕ್ಕರ್ಧ ಐನೂರು ವರ್ಷದ ಈಚಿನದು. ಹೋಗಲಿ, ರಾಗಿಯಾದರೂ ನಮ್ಮದು ಎಂದು ಮುದ್ದೆ ಹಿಡಿದು ನಿಲ್ಲುವವರು ಸ್ವಲ್ಪ ಗಟ್ಟಿಯಾಗಿ ನಿಲ್ಲಬೇಕು: ಅದನ್ನು ಮೊದಲು ಪಳಗಿಸಿದವರು ಪೂರ್ವ ಆಫ್ರಿಕದ ಎತ್ತರದ ನಾಡಿನ ರೈತರು. ಬಂದು ಸಾವಿರಾರು ವರ್ಷವಾಯಿತು ಎಂಬುದಷ್ಟೇ ಸಮಾಧಾನ.

ಎಚ್ಚರಿಕೆ. ಈ ಮಾದರಿಯನ್ನು ಓದಿದ ಹೊಸದರಲ್ಲಿ ಬಳಕೆದಾರರು ಊಟಕ್ಕೆ ಕೂತಾಗಲೆಲ್ಲ ಭಾಷಣ ಮಾಡುವ ಲಕ್ಷಣ ಕಾಣುತ್ತದೆ. ಬಡಿಸುತ್ತಿರುವವರ ಕೈಯಲ್ಲಿ ಬಿಸಿ ಸೌಟಿದೆ ಎಂಬುದು ನೆನಪಿರಲಿ. ನಾನು ನಮ್ಮ ದೊಡ್ಡಮ್ಮನ ಮೇಲೆ ಇದನ್ನು ಪ್ರಯೋಗಿಸಿದ್ದು ಮಾವನವರ ತಿಥಿಯ ದಿನ. ಮಡಿಯಲ್ಲಿ ಅಡುಗೆ ನಡೆದಿತ್ತು. ಬಾಳೆಕಾಯಿ, ಹಾಗಲಕಾಯಿ, ಸುವರ್ಣಗೆಡ್ಡೆ, ಕಾಳುಮೆಣಸು, ಉದ್ದು, ಎಳ್ಳು. ಆಲೂಗಡ್ಡೆಯಿಲ್ಲ, ಟೊಮ್ಯಾಟೊ ಇಲ್ಲ, ಮೆಣಸಿನಕಾಯಿ ಇಲ್ಲ. ಅಷ್ಟು ವರ್ಷ ಆ ಅಡುಗೆಯನ್ನು ಉಂಡಿದ್ದರೂ ನೋಡಿರಲಿಲ್ಲ, ಅವತ್ತು ಕಂಡಿತು: ಕೊಲಂಬಸ್ಸಿಗೆ ಹಿಂದಿನ ಊಟದ ಪಟ್ಟಿ ಇಲ್ಲಿ ಹಾಗೇ ಉಳಿದುಕೊಂಡಿದೆ.

"ದೊಡ್ಡಮ್ಮ, ತಿಥಿ ಅಡುಗೇಗೆ ಮೆಣಸಿನಕಾಯಿ ಯಾಕೆ ಹಾಕಲ್ಲ?"

"ಹಾಕಬಾರದು ಕಣೇ. ಪಿತೃಗಳಿಗೆ ಸೇರಲ್ಲ."

"ಸೇರೋದೇನು, ಅವರು ಅದನ್ನ ಕಣ್ಣಲ್ಲೇ ಕಂಡಿರಲಿಲ್ಲ. ಮೆಣಸಿನಕಾಯಿ ನಮ್ಮ ದೇಶದ್ದೇ ಅಲ್ಲ, ಅಮೆರಿಕದ್ದು."

ದೊಡ್ಡಮ್ಮ ಒಗ್ಗರಣೆ ಸೌಟು ಎತ್ತಿ ನನ್ನನ್ನೇ ನೋಡಿದರು. "ಮತ್ತೆ ನಾನು ಹೇಳಿದ್ದೇನು? ಕಾಣದ್ದು ಹೆಂಗೆ ಸೇರುತ್ತೆ? ಅಷ್ಟು ತಿಳಕೊಳ್ಳೋಕೆ ಪುಸ್ತಕ ಓದಬೇಕಾಯ್ತಾ ನೀನು? ಹೋಗು, ಎಲೆ ಒರೆಸು."

ತಾಂತ್ರಿಕ ಟಿಪ್ಪಣಿ: ಸಾಧನ ಸರಿಯಾಗಿ ಕೆಲಸ ಮಾಡುತ್ತಿದೆ ಎನ್ನಲು ಇಂಥ ಸೋಲು ಒಳ್ಳೆಯ ಲಕ್ಷಣ. ದೊಡ್ಡಮ್ಮನ ಶಾಸ್ತ್ರದಲ್ಲಿ ಐನೂರು ವರ್ಷದ ವ್ಯಾಪಾರದ ಇತಿಹಾಸ ಸೇರಿಕೊಂಡಿದೆ ಎಂದು ಸಸ್ಯಶಾಸ್ತ್ರ ಓದಿದ ಮೇಲಷ್ಟೇ ನನಗೆ ಹೊಳೆದದ್ದು. ಮೂಢನಂಬಿಕೆ ಎಂದು ಮೂಗು ಮುರಿಯುವವರಿಗೂ ಸನಾತನ ಎಂದು ಕೈಮುಗಿಯುವವರಿಗೂ ಅದು ಕಾಣುವುದು ಕಷ್ಟ.

ಎರಡನೆಯ ಬಳಕೆ: ನಕ್ಷೆ

ಬೇಕಾಗುವ ಸಾಮಗ್ರಿ: ಬಿಳಿ ಹಾಳೆ, ಪೆನ್ಸಿಲ್. ನಿಮ್ಮ ಹುಟ್ಟೂರಿನ ನಕ್ಷೆ ಬರೆಯಿರಿ. ದೇವಸ್ಥಾನ, ಕೆರೆ, ಸ್ಕೂಲು, ಅಂಗಡಿ, ನೆಂಟರ ಮನೆಗಳು, ಹುಣಿಸೆಮರ. ಮುಗಿಯಿತೇ? ಈಗ ಅದನ್ನು ಮಡಿಸಿಟ್ಟು ಸಿದ್ದಲಿಂಗಯ್ಯನವರ ‘ಊರುಕೇರಿ’ ಓದಿ.

ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ದಲಿತ ಕವಿಯ ಆತ್ಮಕಥೆಯಿದು. ಆರಂಭದಲ್ಲೇ ಇಬ್ಬರು ಮನುಷ್ಯರ ಹೆಗಲಿಗೆ ನೊಗವಿಟ್ಟು ಹೊಲ ಉಳುವ ಚಿತ್ರ ಬರುತ್ತದೆ. ಅವರಲ್ಲೊಬ್ಬರು ಹುಡುಗನ ಅಪ್ಪ. ಇಷ್ಟನ್ನು ಓದಿ ಗ್ರಾಹಕರು ಕಣ್ಣೀರಿಗೆ ಸಿದ್ಧರಾಗಿ ಕೂರುತ್ತಾರೆ. ಆಮೇಲೆ ಪುಟಪುಟಕ್ಕೂ ನಗು. ದೆವ್ವದ ಕತೆ, ಹಾಸ್ಟೆಲಿನ ಕತೆ, ಸಭೆಗಳ ಕತೆ. ಕನಿಕರಪಡಲು ಬಂದವರಿಗೆ ಇಲ್ಲಿ ಕುರ್ಚಿ ಹಾಕುವುದಿಲ್ಲ. ಓದಿ ಮುಗಿಸಿದ ಮೇಲೆ ನಕ್ಷೆ ಬಿಡಿಸಿ ನೋಡಿ. ನಾನು ಬರೆದ ನಕ್ಷೆಯಲ್ಲಿ ಕೆರೆಯ ಏರಿ ದಾಟಿದ ಮೇಲೆ ಹಾಳೆ ಬಿಳಿಯಾಗಿತ್ತು. ಅಲ್ಲಿ ಮನೆಗಳಿದ್ದವು. ನಮ್ಮ ಗದ್ದೆಗೆ ಬರುತ್ತಿದ್ದವರೆಲ್ಲ ಅಲ್ಲಿಂದಲೇ ಬರುತ್ತಿದ್ದರು, ಸಂಜೆ ಅಲ್ಲಿಗೇ ಹೋಗುತ್ತಿದ್ದರು. ಅವರ ಹೆಸರು ಗೊತ್ತಿತ್ತು, ಮನೆಯ ಬಾಗಿಲು ಯಾವ ದಿಕ್ಕಿಗಿತ್ತು ಎಂಬುದು ಗೊತ್ತಿರಲಿಲ್ಲ.

ಈ ಹಂತದಲ್ಲಿ ಸಾಧನ ಬಿಸಿಯಾಗುತ್ತದೆ. ಗಾಬರಿಯಾಗಬೇಡಿ, ಆದರೆ ಸ್ವಿಚ್ಚನ್ನೂ ಆರಿಸಬೇಡಿ. ಹಾಳೆಯಲ್ಲಿ ಬಿಳಿ ಉಳಿದ ಜಾಗ ಪ್ರತಿಯೊಬ್ಬರಿಗೂ ಬೇರೆ. ನಮ್ಮ ಮನೆಯ ಗಂಡಸರ ನಕ್ಷೆಗಳಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲು ಇರಲಿಲ್ಲ. ಊರಿನ ಅರ್ಧ ಸುದ್ದಿ ಹುಟ್ಟುತ್ತಿದ್ದ ಜಾಗ ಅದು.

ಕೋರ್ಸು ಜೋಡಿಸುವ ವಿಧಾನ

ಕೋರ್ಸುಗಳಲ್ಲಿ ಎರಡು ಬಗೆ. ಹೋಗಿ ಕೂರುವವು, ಕೂತಲ್ಲಿಗೆ ಬರುವವು.

ಹೋಗಿ ಕೂರುವವುಗಳಲ್ಲಿ ನಾನು ಶಿಫಾರಸು ಮಾಡುವ ಮಾದರಿ ಸಾಗರದ ಬಳಿಯ ಹೆಗ್ಗೋಡಿನದು. ಅಡಿಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ 1949ರಲ್ಲಿ ಶುರುವಾದ ಹವ್ಯಾಸಿ ನಾಟಕದ ಸಂಘ ನೀನಾಸಂ. ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲಿ ಅಲ್ಲೊಂದು ಚಿತ್ರಸಮಾಜ ಕಟ್ಟಿದರು; ಪುಣೆಯ ಸಿನಿಮಾ ಮೇಷ್ಟರು ಸತೀಶ್ ಬಹಾದ್ದೂರ್ ಅವರನ್ನು ಕರೆಸಿ ಸಿನಿಮಾ ನೋಡುವುದು ಹೇಗೆಂದು ಹತ್ತು ದಿನದ ಶಿಬಿರ ನಡೆಸಿದರು. ಅಡಿಕೆ ಸುಲಿಯುವವರು, ಮೇಷ್ಟರುಗಳು, ಕಾಲೇಜು ಹುಡುಗರು ಒಟ್ಟಿಗೆ ಕೂತು ಸತ್ಯಜಿತ್ ರಾಯ್, ಕುರೊಸಾವಾ ನೋಡಿದರು. ಹಳ್ಳಿಯವರಿಗೆ ಇದು ಅರ್ಥವಾಗುತ್ತದೆಯೇ ಎಂದು ಪೇಟೆಯವರು ಆಗ ಕೇಳಿದ್ದಿರಬೇಕು. ಪೇಟೆಯವರಿಗೆ ಅರ್ಥವಾಗುತ್ತದೆಯೇ ಎಂದು ಕೇಳುವ ಸರದಿ ಇನ್ನೂ ಬಂದಿಲ್ಲ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಮುಂದೆ ಸಿನಿಮಾ ಶಿಬಿರದ ಜಾಗದಲ್ಲಿ ಸಂಸ್ಕೃತಿ ಶಿಬಿರ ಬೆಳೆಯಿತು. ಬೆಳಗ್ಗೆ ಉಪನ್ಯಾಸ, ಸಂಜೆ ನಾಟಕ, ಮಾರನೆಯ ದಿನ ಅದೇ ನಾಟಕದ ಮೇಲೆ ಜಗಳ.

ಹೆಗ್ಗೋಡಿನಲ್ಲಿ ನಾನು ಕಂಡ ‘ರಾಶೋಮಾನ್’ ಕುರೊಸಾವಾನ 1950ರ ಚಿತ್ರ. ಕಾಡಿನಲ್ಲೊಂದು ಕೊಲೆ. ನಡೆದದ್ದನ್ನು ನಾಲ್ಕು ಜನ ಹೇಳುತ್ತಾರೆ, ಸತ್ತವನೂ ಮಾಟಗಾತಿಯ ಬಾಯಿಂದ ಹೇಳುತ್ತಾನೆ. ನಾಲ್ಕೂ ಬೇರೆ. ಸುಳ್ಳು ಹೇಳುವವರು ಸಾಮಾನ್ಯವಾಗಿ ತಪ್ಪನ್ನು ಮೈಮೇಲಿಂದ ಕೊಡವುತ್ತಾರಲ್ಲ, ಇಲ್ಲಿ ಕೊಂದವನು ನಾನೇ ಎಂದು ಮೂವರು ಹೇಳುತ್ತಾರೆ. ತಪ್ಪಿತಸ್ಥರಾದರೂ ಚಿಂತೆಯಿಲ್ಲ, ಕತೆಯಲ್ಲಿ ತಾವು ಸಣ್ಣವರಾಗಿ ಕಾಣಬಾರದು ಎಂಬುದು ಅವರ ಆಸೆ.

ಊರಿಗೆ ಬಂದರೆ ನಮ್ಮ ಚಿಕ್ಕಪ್ಪಂದಿರ ಪಾಲುಪಟ್ಟಿಯ ವ್ಯಾಜ್ಯ ಕಾದಿತ್ತು. ಹಿತ್ತಲಿನ ಒಂದು ಹಲಸಿನ ಮರ, ನಾಲ್ಕು ಜನ ಅಣ್ಣತಮ್ಮಂದಿರು. ಮರ ನೆಟ್ಟದ್ದು ನಾನು ಎಂದು ಒಬ್ಬರು, ನೀರು ಹೊತ್ತದ್ದು ನಾನು ಎಂದು ಒಬ್ಬರು, ಅಪ್ಪ ನನಗೇ ಎಂದು ಬಾಯಿಬಿಟ್ಟು ಹೇಳಿದ್ದರು ಎಂದು ಇನ್ನೊಬ್ಬರು. ಹಣ್ಣು ತಿನ್ನುವವರು ಮಾತ್ರ ಯಾರೂ ಇಲ್ಲ, ಎಲ್ಲರಿಗೂ ಸಕ್ಕರೆ ಕಾಯಿಲೆ. ಶಿಬಿರಕ್ಕೆ ಹೋಗುವ ಮೊದಲಾಗಿದ್ದರೆ ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಲೆಕ್ಕ ಹಾಕಲು ಕೂರುತ್ತಿದ್ದೆ. ಈಗ ಪ್ರತಿಯೊಬ್ಬರ ಮಾತಿನಲ್ಲೂ ಅವರು ತಮ್ಮನ್ನು ಯಾವ ಜಾಗದಲ್ಲಿ ನಿಲ್ಲಿಸಿಕೊಂಡಿದ್ದಾರೆ ಎಂದು ಕೇಳಿಸತೊಡಗಿತು. ಪರಿಣಾಮವಾಗಿ ಪಂಚಾಯಿತಿಗೆ ನಾನು ಕೆಲಸಕ್ಕೆ ಬಾರದವಳಾದೆ. "ನಿನ್ನನ್ನ ತೀರ್ಮಾನ ಹೇಳು ಅಂತ ಕರೆದರೆ ಕತೆ ಕೇಳ್ತಾ ಕೂತಿದೀಯಲ್ಲಮ್ಮ" ಎಂದು ಹಿರಿಯ ಚಿಕ್ಕಪ್ಪ ಸಿಟ್ಟಾದರು. ಈ ಅಡ್ಡಪರಿಣಾಮದ ಬಗ್ಗೆ ಶಿಬಿರದ ಕರಪತ್ರದಲ್ಲಿ ಸೂಚನೆ ಇರುವುದಿಲ್ಲ.

ಕೂತಲ್ಲಿಗೆ ಬರುವ ಕೋರ್ಸುಗಳು ಈಗ ಹೇರಳ. ಒಂದು ಕಾಲಕ್ಕೆ ಅಂಚೆ ತೆರಪಿನ ಶಿಕ್ಷಣವೆಂದರೆ ಮಾಸಲು ಕಾಗದದ ಪಾಠಗಳ ಕಟ್ಟು ಪೋಸ್ಟಿನಲ್ಲಿ ಬರುತ್ತಿತ್ತು, ಅದನ್ನೋದಿ ಎಂ.ಎ. ಮಾಡಿದ ಹೆಣ್ಣುಮಕ್ಕಳು ನಮ್ಮ ಬ್ಯಾಂಕಿನಲ್ಲೇ ಎಷ್ಟೋ ಜನರಿದ್ದರು. ಮಗು ತೊಟ್ಟಿಲಲ್ಲಿ, ಪಾಠ ತೊಡೆಯ ಮೇಲೆ. ಈಗ ಹಾರ್ವರ್ಡೇ ಫೋನಿನೊಳಗಿದೆ. ಸೇರಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಮುಗಿಸದೆ ಬಿಡುತ್ತಾರೆ ಎಂಬುದು ಇಂಥ ಉಚಿತ ಕೋರ್ಸುಗಳ ಬಗ್ಗೆ ಮತ್ತೆ ಮತ್ತೆ ಬಂದ ಲೆಕ್ಕ. ಇದನ್ನು ಯಾಕೆ ಅವಮಾನವೆಂದು ತಿಳಿಯಬೇಕೋ ನನಗೆ ಗೊತ್ತಿಲ್ಲ. ಜಾತ್ರೆಯಲ್ಲಿ ಎಲ್ಲ ಅಂಗಡಿಗೂ ಹೋದಿರಾ ಎಂದು ಯಾರೂ ಕೇಳುವುದಿಲ್ಲ.

ಉದಾಹರಣೆಗೆ ಹಾರ್ವರ್ಡಿನ ಮೈಕೆಲ್ ಸ್ಯಾಂಡೆಲ್ ಅವರ ನ್ಯಾಯದ ಮೇಲಿನ ಪಾಠಗಳು. 2009ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಮೊದಲ ಪ್ರಶ್ನೆ: ಬ್ರೇಕ್ ತಪ್ಪಿದ ಟ್ರಾಮು ಹಳಿಯ ಮೇಲಿನ ಐವರು ಕೆಲಸಗಾರರ ಕಡೆ ಬರುತ್ತಿದೆ, ಪಕ್ಕದ ಹಳಿಗೆ ತಿರುಗಿಸಿದರೆ ಅಲ್ಲಿರುವ ಒಬ್ಬ ಸಾಯುತ್ತಾನೆ. ತಿರುಗಿಸುತ್ತೀರಾ? ಹೆಚ್ಚಿನವರು ಹೌದೆಂದು ಕೈ ಎತ್ತುತ್ತಾರೆ. ಸರಿ, ಈಗ ಸೇತುವೆಯ ಮೇಲಿಂದ ಒಬ್ಬ ದಪ್ಪನೆಯವನನ್ನು ತಳ್ಳಿದರೆ ಟ್ರಾಮು ನಿಂತು ಐವರು ಉಳಿಯುತ್ತಾರೆ, ತಳ್ಳುತ್ತೀರಾ? ಎತ್ತಿದ ಕೈಗಳು ಕೆಳಗಿಳಿಯುತ್ತವೆ. ಲೆಕ್ಕ ಅದೇ, ಐದಕ್ಕೆ ಒಂದು. ಯಾಕೆ ಇಳಿಸಿದಿರಿ, ಹೇಳಿ ಎಂದು ಮೇಷ್ಟರು ಹಿಡಿದುಕೊಳ್ಳುತ್ತಾರೆ. ಗಂಟೆಗಟ್ಟಲೆ ತಾನೊಂದು ಉತ್ತರ ಕೊಡದೆ ಸಾವಿರ ಹುಡುಗರನ್ನು ಮಾತಾಡಿಸುವ ಆ ಕಸುಬನ್ನು ನೋಡಲಿಕ್ಕಾದರೂ ಅದನ್ನು ಕೇಳಬೇಕು.

ನಮ್ಮ ಮನೆಯವರು ರಸ್ತೆ ಸೇತುವೆ ಕಟ್ಟಿಸಿದ ಇಂಜಿನಿಯರು. ಪೇಪರಿನ ಹಿಂದಿನಿಂದಲೇ ಎಲ್ಲ ಕೇಳಿಸಿಕೊಂಡು, "ಮೊದಲು ಆ ಬ್ರೇಕ್ ಯಾಕೆ ಹೋಯ್ತು ಅಂತ ಕೇಳು. ಮೆಂಟೆನೆನ್ಸ್ ಕಂಟ್ರಾಕ್ಟು ಯಾರಿಗಿತ್ತು? ಟ್ರಾಮು ಓಡ್ತಿರೋ ಹಳೀ ಮೇಲೆ ಐದು ಜನಾನ ಕೆಲಸಕ್ಕೆ ಬಿಟ್ಟ ಸೂಪರ್‌ವೈಸರ್ ಯಾರು?" ಎಂದರು. ಮೊಮ್ಮಗಳು, "ತಾತ, ಹಾಗೆಲ್ಲ ಕೇಳೋ ಹಾಗಿಲ್ಲ, ಪ್ರಶ್ನೆ ಇರೋದೇ ಹೀಗೆ" ಎಂದಳು. "ಪ್ರಶ್ನೆ ಬರೆದವರು ಯಾರಮ್ಮ? ಆ ಕಂಟ್ರಾಕ್ಟರ್ರೇ ಬರೆದಿರಬೇಕು" ಎಂದು ಅವರು ಪುಟ ತಿರುಗಿಸಿದರು. ತತ್ವಶಾಸ್ತ್ರದವರು ಇದಕ್ಕೆ ಉತ್ತರ ಹೊಂದಿಸಿಕೊಂಡಿದ್ದಾರು. ಆದರೆ ಅಂದಿನಿಂದ ಟಿವಿಯಲ್ಲಿ ಇದು ಬೇಕೋ ಅದು ಬೇಕೋ ಎಂದು ಎರಡೇ ದಾರಿ ಕೊಟ್ಟು ಕೂಗುವಾಗಲೆಲ್ಲ ನನಗೆ ಬ್ರೇಕಿನ ಕಂಟ್ರಾಕ್ಟರು ನೆನಪಾಗುತ್ತಾನೆ. ಕೋರ್ಸನ್ನು ಮುಗಿಸಲಿಲ್ಲ. ಪ್ರಮಾಣಪತ್ರವಿಲ್ಲ.

ಬಣ್ಣದ ಪೆನ್ನಿನ ಬಗ್ಗೆ

ಹಳದಿ ಪೆನ್ನಿನಿಂದ ಸಾಲುಗಳಿಗೆ ಬಣ್ಣ ಬಳಿಯುವುದು ಪುಸ್ತಕಕ್ಕೆ ಹಾನಿಕರವಲ್ಲ, ಓದುಗರಿಗೆ ಉಪಯೋಗವೂ ಅಷ್ಟಕ್ಕಷ್ಟೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪಾಠವನ್ನು ಮತ್ತೆ ಮತ್ತೆ ಓದಿಸಿದರು. ಇನ್ನೊಂದಕ್ಕೆ ಓದಿದ್ದನ್ನು ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರು ಮುಂದಿದ್ದರು. ವಾರದ ನಂತರ ಕೇಳಿದಾಗ ಪುಸ್ತಕ ಮುಚ್ಚಿ ಬರೆದವರು ಮುಂದೆ. ತಮಾಷೆಯೆಂದರೆ, ನಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಹೆಚ್ಚಿದ್ದದ್ದು ಮತ್ತೆ ಮತ್ತೆ ಓದಿದವರಿಗೆ.

ಪುಸ್ತಕ ಮುಚ್ಚಿ ಹೇಳು ಎಂದು ನಮ್ಮಜ್ಜಿ ಆ ಕಾಲದಲ್ಲೇ ಹೇಳುತ್ತಿದ್ದರು, ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು ಎಂದು ಇಲ್ಲಿ ಹೆಮ್ಮೆ ಪಡಲು ಅವಕಾಶವಿಲ್ಲ. ಅಜ್ಜಿ ಪುಸ್ತಕ ಮುಚ್ಚಿಸುತ್ತಿದ್ದದ್ದು ಸೀಮೆಎಣ್ಣೆ ಉಳಿಸಲು.

ದೋಷ ನಿವಾರಣೆ

ಓದಿದ ಪುಸ್ತಕವೆಲ್ಲ ನಾನು ಮೊದಲೇ ನಂಬಿದ್ದನ್ನೇ ಹೇಳುತ್ತಿದೆ. — ನೀವು ಒಂದೇ ಕಪಾಟಿನ ಮುಂದೆ ನಿಂತಿದ್ದೀರಿ. ಎಡಕ್ಕೆ ಅಥವಾ ಬಲಕ್ಕೆ ನಾಲ್ಕು ಹೆಜ್ಜೆ ಸರಿಯಿರಿ.

ಸಾಧನದಿಂದ ಸದಾ ಶಬ್ದ ಬರುತ್ತಿದೆ, ಮನೆಗೆ ಬಂದವರು ಬೇಗ ಹೋಗುತ್ತಿದ್ದಾರೆ. — ಇದು ಓದಿದ್ದೆಲ್ಲ ಬಾಯಿಗೆ ಬರುವ ತೊಂದರೆ. ವಿಶ್ರಾಂತಿ ಕೊಡಿ.

ನಮ್ಮೂರಿನಲ್ಲಿ ಇವನ್ನೆಲ್ಲ ಮಾತಾಡಲು ತಿಳಿದವರೇ ಇಲ್ಲ. — ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಓದಿ. ಹಾರುವ ಓತಿಯನ್ನು ಹುಡುಕಿ ಹೊರಟ ಆ ವಿಜ್ಞಾನಿ ಕಾಡಿನಲ್ಲಿ ನಂಬಿಕೊಂಡದ್ದು ಮಂದಣ್ಣನನ್ನು. ಊರವರ ಲೆಕ್ಕದಲ್ಲಿ ಆತ ಯಾವ ಕೆಲಸಕ್ಕೂ ಆಗದ ಉಂಡಾಡಿ. ಓದಿದ ಮೇಲೆ ನಿಮ್ಮೂರಿನ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತವರನ್ನು ಇನ್ನೊಮ್ಮೆ ನೋಡಿ. ಎಲ್ಲರೂ ಮಂದಣ್ಣರಲ್ಲ ಎಂಬುದೂ ನಿಜ. ಕೆಲವರು ಬಸ್ಸಿಗೇ ಕಾಯುತ್ತಿರುತ್ತಾರೆ.

ತಲೆ ಎಷ್ಟು ಅಗಲವಾಗಿದೆಯೆಂದರೆ ಯಾರು ಏನು ಹೇಳಿದರೂ ಅವರ ಮಟ್ಟಿಗೆ ಅದು ಸರಿ ಎನಿಸುತ್ತಿದೆ. — ಇದು ಗಂಭೀರ ದೋಷ. ಅಗಲವಾಗಿದೆಯೆಂದು ನೀವು ತಿಳಿದಿದ್ದೀರಿ, ವಾಸ್ತವವಾಗಿ ಸಡಿಲವಾಗಿದೆ. ಎಚ್. ನರಸಿಂಹಯ್ಯನವರನ್ನು ಬಳಸಿ ಬಿಗಿಗೊಳಿಸಿ. ಖಾದಿ, ಗಾಂಧಿ ಟೋಪಿ, ಬಸವನಗುಡಿಯ ಹಾಸ್ಟೆಲಿನಲ್ಲೊಂದು ಕೋಣೆ. ಓಹಾಯೊದಲ್ಲಿ ಭೌತವಿಜ್ಞಾನದ ಪಿಎಚ್.ಡಿ. 1962ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರುಮಾಡಿ ವಾರವಾರವೂ ಜನಸಾಮಾನ್ಯರಿಗೆ ವಿಜ್ಞಾನದ ಉಪನ್ಯಾಸ ಏರ್ಪಡಿಸಿದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿ, ಆ ಕಾಲದ ಅತಿ ಪ್ರಭಾವಿ ಬಾಬಾರಿಗೇ ಪರೀಕ್ಷೆಗೆ ಒಪ್ಪುತ್ತೀರಾ ಎಂದು ಕಾಗದ ಬರೆದರು. ಒಪ್ಪಿಗೆ ಬರಲಿಲ್ಲ. ಇಷ್ಟಕ್ಕೂ ಅವರ ಪುಸ್ತಕದ ಹೆಸರು ‘ತೆರೆದ ಮನ’.

ವಾರಂಟಿ

ಇಲ್ಲ. ನಲವತ್ತರಲ್ಲಿ ತಲೆ ತಿರುಗಿಸಿದ ಪುಸ್ತಕ ಅರವತ್ತರಲ್ಲಿ ಸಪ್ಪೆಯಾಗಬಹುದು. ಹತ್ತೊಂಬತ್ತರಲ್ಲಿ ಬೇಸರವೆಂದು ಎಸೆದದ್ದು ಈಗ ಕೈ ಹಿಡಿದೀತು. ಎರಡಕ್ಕೂ ತಯಾರಕರು ಹೊಣೆಯಲ್ಲ.

ಎರವಲು ಕೊಡುವಾಗ

ಕೊಟ್ಟ ಪುಸ್ತಕ ಹಿಂದಿರುಗುವುದಿಲ್ಲ ಎಂಬುದು ಸಾಮಾನ್ಯ ನಿಯಮ. ಅಪರೂಪಕ್ಕೆ ಹಿಂದಿರುಗಿದರೆ ಕೂಡಲೇ ಕಪಾಟಿಗೆ ಸೇರಿಸದೆ ಪುಟ ತಿರುವಿ ನೋಡಿ. ನಮ್ಮ ಮನೆಯ ‘ಊರುಕೇರಿ’ಯನ್ನು ಪಕ್ಕದ ಬಡಾವಣೆಯ ಹೈಸ್ಕೂಲು ಮೇಷ್ಟರು ಒಯ್ದಿದ್ದರು. ಬೇಗನೇ ತಂದುಕೊಟ್ಟರು, ಕಾಫಿ ಕುಡಿದರು, ಚೆನ್ನಾಗಿದೆ ಮೇಡಂ ಎಂದರು. ರಾತ್ರಿ ತೆರೆದು ನೋಡಿದರೆ, ಒಂದು ಪುಟದ ಅಂಚಿನಲ್ಲಿ ನಾನು ಹಿಂದೆಂದೋ ‘ಬಿದ್ದು ಬಿದ್ದು ನಕ್ಕೆ’ ಎಂದು ಬರೆದಿದ್ದ ಜಾಗದ ಕೆಳಗೆ ಸಣ್ಣ ಅಕ್ಷರದಲ್ಲಿ, ಪೆನ್ಸಿಲಿನಲ್ಲಿ: ‘ನನಗೆ ನಗು ಬರಲಿಲ್ಲ.’

ಇಂಥ ಸಂದರ್ಭದಲ್ಲಿ ರಬ್ಬರ್ ಬಳಸಬಾರದು. ಫೋನು ಮಾಡಿ. ಮೇಷ್ಟರು ಸ್ಕೂಲಿನಿಂದ ಬರುವುದು ಐದೂವರೆಗೆ, ಆರಕ್ಕೆ ಟ್ಯೂಷನ್ನಿನ ಹುಡುಗರು ಬರುತ್ತಾರೆ. ನಡುವೆ ಅರ್ಧ ಗಂಟೆ ಸಿಗುತ್ತದೆ. ಸಾಲದೆಂದರೆ ಭಾನುವಾರ ಮನೆಗೆ ಬನ್ನಿ ಮೇಡಂ ಎನ್ನುತ್ತಾರೆ, ಹೋಗಿ.